ಜಾಂಬೋಟಿಯಲ್ಲಿ ದಾರಿ ತಪ್ಪಿದ ಮೇಲೆ

ಹೋದ ಮೇ ತಿಂಗಳಲ್ಲಿ ಠಾಣೆಯಿಂದ ಊರಿಗೆ ಹೊರಟಿದ್ದೆವು. ಊರು ಅಂದರೆ ಕುಂದಾಪುರ, 800 ಚಿಲ್ಲರೆ ಕಿಲೋಮೀಟರ್. ಮಧ್ಯೆ ಗೋವಾದ ಮಾಪುಸಾದಲ್ಲಿ ನಾದಿನಿ ಮನೆಯಲ್ಲಿ ಒಂದು ರಾತ್ರಿ ಉಳಿಯುವುದಿತ್ತು, ಹಾಗಾಗಿ ಬೆಳಗಾವಿಯಿಂದ ಚೋರ್ಲಾ ಘಾಟಿಯ ದಾರಿ ಹಿಡಿದೆವು. ಗಾಡಿ ಓಡಿಸುವುದು ನಾನು. ಇವರು ಪಕ್ಕದಲ್ಲಿ, ಮಗ ಮತ್ತು ಅಮ್ಮ ಹಿಂದೆ. ಜಾಂಬೋಟಿ ಬರುವ ಸ್ವಲ್ಪ ಮೊದಲು ಚಿಕ್ಕಮ್ಮನ ಫೋನ್ ಬಂತು, ಎಲ್ಲಿಗೆ ಮುಟ್ಟಿದ್ರಿ ಅಂತ. ಮ್ಯಾಪ್ ಇದ್ದದ್ದೂ ಅದೇ ಫೋನಿನಲ್ಲಿ. ಇವರು ಮಾತಾಡಿ ಮುಗಿಸುವಷ್ಟರಲ್ಲಿ ಕವಲು ಬಂದು ಹೋಗಿತ್ತು, ನಾನು ಎಡಕ್ಕೆ ಹೊಕ್ಕಾಗಿತ್ತು. ಆಮೇಲೆ ನೋಡಿದರೆ ನೆಟ್‌ವರ್ಕ್ ಇಲ್ಲ. ನೀಲಿ ಚುಕ್ಕಿಯೊಂದು ಪರದೆ ಮೇಲೆ ತನ್ನ ಪಾಡಿಗೆ ತಾನು ಹೋಗುತ್ತಿದೆ, ಸುತ್ತ ಊರಿಲ್ಲ ಕೇರಿಯಿಲ್ಲ, ಬರೀ ಬೂದಿ ಬಣ್ಣ.

"ಎಂತ ಮಾರಾಯ್ತಿ, ಬಲಕ್ಕೆ ಕಣಕುಂಬಿ ಅಂತ ಬೋರ್ಡ್ ಇತ್ತಲ್ಲ" ಅಂದಳು ಅಮ್ಮ. ಆಗಲೇ ಹೇಳಬಾರದಿತ್ತಾ ಅಂದರೆ, "ನೀವೆಲ್ಲ ಮಿಷಿನ್ ಮಾತು ಕೇಳುವವರು, ನನ್ನ ಮಾತು ಯಾರಿಗೆ ಬೇಕು?"

ಖಾನಾಪುರಕ್ಕೆ ಹೋಗಿ ಮುಟ್ಟಿದೆವು. ಅಲ್ಲಿ ಚಹಾ ಕುಡಿದು, ದಾರಿ ಕೇಳಿ, ಬಂದ ದಾರಿಯಲ್ಲೇ ವಾಪಸ್. ಒಂದೂವರೆ ಗಂಟೆ ದಂಡ. ಕತ್ತಲಾದ ಮೇಲೆ ಘಾಟಿ ಇಳಿಯುವಾಗ ನಾನು ಮನಸ್ಸಿನಲ್ಲೇ ತೀರ್ಮಾನ ಮಾಡಿದೆ: ದಾರಿ ತೋರಿಸುವುದಕ್ಕೆ ಬೇರೆಯೇ ಒಂದು ಡಬ್ಬಿ ಬೇಕು. ಚಿಕ್ಕಮ್ಮ ಫೋನ್ ಮಾಡಲಾಗದ ಡಬ್ಬಿ.

ಠಾಣೆಗೆ ವಾಪಸ್ ಬಂದು ಇದನ್ನು ಆಫೀಸಿನಲ್ಲಿ ಹೇಳಿದರೆ ಎಲ್ಲರೂ ನಕ್ಕರು. ಈ ಕಾಲದಲ್ಲಿ ಜಿಪಿಎಸ್ ಡಬ್ಬಿ ಯಾರು ಕೊಳ್ಳುತ್ತಾರೆ, ಫೋನಿನಲ್ಲೇ ಆಫ್‌ಲೈನ್ ಮ್ಯಾಪ್ ಇಳಿಸಿಕೊಂಡರೆ ಆಯಿತಲ್ಲ ಅಂತ. ಮಾತು ಸುಳ್ಳಲ್ಲ. ಗೂಗಲ್ ಮ್ಯಾಪ್ಸ್‌ನಲ್ಲಿ ಬೇಕಾದ ಪ್ರದೇಶವನ್ನು ಮೊದಲೇ ಇಳಿಸಿ ಇಟ್ಟುಕೊಳ್ಳಬಹುದು. ಓಪನ್‌ಸ್ಟ್ರೀಟ್‌ಮ್ಯಾಪ್ ನಕ್ಷೆ ಬಳಸುವ ಆರ್ಗ್ಯಾನಿಕ್ ಮ್ಯಾಪ್ಸ್, ಓಎಸ್‌ಎಂಆಂಡ್ ಅಂತಹ ಆ್ಯಪ್‌ಗಳಲ್ಲಂತೂ ಇಡೀ ರಾಜ್ಯಗಳನ್ನೇ ಇಳಿಸಬಹುದು. ನಾನು ಮೊದಲು ಮಾಡಬೇಕಿದ್ದ ಕೆಲಸ ಅದು, ಮಾಡಿರಲಿಲ್ಲ. ನನ್ನದೇ ತಪ್ಪು, ಒಪ್ಪಿದೆ.

ಆದರೆ ನನ್ನ ತಲೆಯಲ್ಲಿ ಒಂದು ತಪ್ಪು ಕಲ್ಪನೆಯೂ ಇತ್ತು, ನಿಮ್ಮಲ್ಲೂ ಕೆಲವರಿಗೆ ಇರಬಹುದು. ನೆಟ್‌ವರ್ಕ್ ಹೋದರೆ ಜಿಪಿಎಸ್ ಹೋಗುತ್ತದೆ ಅಂತ. ಹಾಗೇನಿಲ್ಲ. ಜಾಂಬೋಟಿಯಲ್ಲಿ ಜಿಪಿಎಸ್ ಚೆನ್ನಾಗೇ ಕೆಲಸ ಮಾಡುತ್ತಿತ್ತು, ಇಲ್ಲದಿದ್ದರೆ ಆ ನೀಲಿ ಚುಕ್ಕಿ ಓಡುತ್ತಿರಲಿಲ್ಲ. ಹೋದದ್ದು ನಕ್ಷೆ, ಮತ್ತು ತಪ್ಪಿದ ಮೇಲೆ ಹೊಸ ದಾರಿ ಲೆಕ್ಕ ಹಾಕುವ ಶಕ್ತಿ. ಅವೆರಡೂ ಇಂಟರ್‌ನೆಟ್‌ನಿಂದ ಬರುತ್ತಿದ್ದವು. ಸರಿಯಾದ ದಾರಿಯಲ್ಲೇ ಹೋಗಿದ್ದರೆ ಮೊದಲೇ ತರಿಸಿಟ್ಟ ದಾರಿ ಹಾಗೇ ನಡೆಯುತ್ತಿತ್ತು.

ಅಮ್ಮ ಒಂದು ದಿನ ಕೇಳಿದಳು, ಈ ಜಿಪಿಎಸ್‌ಗೆ ತಿಂಗಳು ತಿಂಗಳು ದುಡ್ಡು ಕಟ್ಟಬೇಕಾ ಅಂತ. ಬೇಡಮ್ಮ, ಇದು ರೇಡಿಯೋ ಇದ್ದ ಹಾಗೆ ಅಂದೆ. ಮಂಗಳೂರು ಆಕಾಶವಾಣಿಗೆ ಅಪ್ಪ ರೇಡಿಯೋ ಹಚ್ಚಿದ್ದು ಗೊತ್ತಾಗುತ್ತಿತ್ತಾ? ಇಲ್ಲ ಅಲ್ವಾ. ಹಾಗೇ ಈ ಜಿಪಿಎಸ್ ಉಪಗ್ರಹಗಳೂ ಸುಮಾರು 20,200 ಕಿಲೋಮೀಟರ್ ಮೇಲಿಂದ ತಮ್ಮ ಜಾಗ ಮತ್ತು ಸಮಯವನ್ನು ಸುಮ್ಮನೆ ಹೇಳುತ್ತಾ ಇರುತ್ತವೆ, ಕೆಳಗಿನ ಡಬ್ಬಿ ಅದನ್ನು ಕೇಳಿಸಿಕೊಂಡು ಲೆಕ್ಕ ಹಾಕುತ್ತದೆ. ಕನಿಷ್ಠ 4 ಉಪಗ್ರಹ ಕಾಣಬೇಕು. ಮೂರು ಜಾಗಕ್ಕೆ, ನಾಲ್ಕನೆಯದು ಡಬ್ಬಿಯ ಸೋವಿ ಗಡಿಯಾರವನ್ನು ಸರಿಮಾಡಿಕೊಳ್ಳಲಿಕ್ಕೆ ಅಂತ ಇಟ್ಟುಕೊಳ್ಳಿ. ಒಂದು ಸೆಕೆಂಡಿನ ಹತ್ತು ಲಕ್ಷದಲ್ಲಿ ಒಂದು ಭಾಗ ಗಡಿಯಾರ ತಪ್ಪಿದರೆ ದೂರದ ಲೆಕ್ಕದಲ್ಲಿ 300 ಮೀಟರ್ ತಪ್ಪುತ್ತದೆ. ಉಪಗ್ರಹಗಳು ಅಮೆರಿಕದವು. 2000ದ ಮೇ ತಿಂಗಳವರೆಗೂ ಅವರು ಸಾಮಾನ್ಯ ಜನರಿಗೆ ಸಿಗುವ ಸಿಗ್ನಲ್‌ನಲ್ಲಿ ಬೇಕಂತಲೇ ತಪ್ಪು ಸೇರಿಸುತ್ತಿದ್ದರು. ಅದು ನಿಂತ ಮೇಲೇ ಕಾರಿನ ಡಬ್ಬಿಗಳ ಕಾಲ ಶುರುವಾದದ್ದು.

ಇಷ್ಟು ಹೇಳಿದ ಮೇಲೂ ಫೋನನ್ನು ಯಾಕೆ ಬಿಟ್ಟೆ? ಮುಖ್ಯ ಕಾರಣ ಬಿಸಿಲು. ಮೇ ತಿಂಗಳ ಮಧ್ಯಾಹ್ನ, ಮುಂದಿನ ಗಾಜಿಗೆ ಅಂಟಿದ ಫೋನು, ಜೊತೆಗೆ ಚಾರ್ಜಿಂಗ್, ಜೊತೆಗೆ ಮ್ಯಾಪ್. ಅರ್ಧ ಗಂಟೆಯಲ್ಲಿ ರೊಟ್ಟಿ ಕಾವಲಿ. ತಾನೇ ಪರದೆಯ ಬೆಳಕು ತಗ್ಗಿಸಿಕೊಳ್ಳುತ್ತದೆ, ಚಾರ್ಜ್ ತೆಗೆದುಕೊಳ್ಳುವುದನ್ನೂ ನಿಲ್ಲಿಸುತ್ತದೆ. ಇವರು ಅದನ್ನು ಎಸಿ ಗಾಳಿಗೆ ಹಿಡಿದುಕೊಂಡು ಕೂತಿದ್ದನ್ನು ನೋಡಿದರೆ ಮಗುವಿಗೆ ಜ್ವರ ಬಂದ ಹಾಗಿತ್ತು. ಮತ್ತೆ ಫೋನ್ ಕರೆಗಳು, ಬ್ಯಾಂಕಿನ ಮೆಸೇಜ್‌ಗಳು, ಹೌಸಿಂಗ್ ಸೊಸೈಟಿ ಗುಂಪಿನಲ್ಲಿ ನೀರಿನ ಟ್ಯಾಂಕಿನ ಜಗಳ. ಎಲ್ಲ ಬರುವುದು ತಿರುವಿನ ಬಾಣದ ಮೇಲೇ. ಕಾನೂನಿನ ವಿಷಯಕ್ಕೆ ಬಂದರೆ, 2020ರ ಅಕ್ಟೋಬರ್‌ನಿಂದ ಗಾಡಿ ಓಡಿಸುವಾಗ ಫೋನನ್ನು ದಾರಿ ನೋಡಲು ಮಾತ್ರ, ಅದೂ ಗಮನ ತಪ್ಪದ ಹಾಗೆ ಬಳಸಬಹುದು ಅಂತ ನಿಯಮ ಇದೆ. ನನ್ನ ಫೋನು ದಾರಿ ನೋಡಲು ಮಾತ್ರ ಇದ್ದ ದಿನ ಯಾವುದೂ ಇಲ್ಲ.

ಮುಲುಂಡಿನ ಸ್ನೇಹಿತೆಯೊಬ್ಬಳು ದೊಡ್ಡ ಪರದೆಯ ಆಂಡ್ರಾಯ್ಡ್ ಸ್ಟೀರಿಯೋ ಹಾಕಿಸಿಕೋ ಅಂದಳು. ಅವಳ ಕಾರಿನಲ್ಲಿ ಇದೆ, ಹಾಡು ಚೆನ್ನಾಗಿ ಕೇಳುತ್ತದೆ, ಆದರೆ ಮ್ಯಾಪಿನಲ್ಲಿ ಕಾರು ಯಾವಾಗಲೂ ಪಕ್ಕದ ಕಟ್ಟಡದೊಳಗೆ ಓಡುತ್ತಿರುತ್ತದೆ. ಬಿಚ್ಚಿ ನೋಡಿಸಿದರೆ, ಹಾಕಿಕೊಟ್ಟ ಅಂಗಡಿಯ ಹುಡುಗ ಜಿಪಿಎಸ್ ಆಂಟೆನಾವನ್ನು ಡ್ಯಾಶ್‌ಬೋರ್ಡ್ ಒಳಗೆ ಕಬ್ಬಿಣದ ಪಟ್ಟಿಯ ಅಡಿಗೆ ತುರುಕಿದ್ದ. ಅದು ಗಾಜಿನ ಹತ್ತಿರ, ಆಕಾಶ ಕಾಣುವ ಹಾಗೆ ಇರಬೇಕು. ನೀವು ಹಾಕಿಸುವುದಾದರೆ ಪಕ್ಕದಲ್ಲೇ ನಿಂತು ನೋಡಿ. ಅಂದ ಹಾಗೆ, ಮುಂದಿನ ಗಾಜಿಗೇ ಬಿಸಿಲು ತಡೆಯುವ ಲೋಹದ ಲೇಪ ಇರುವ ಕಾರುಗಳಲ್ಲೂ ಸಿಗ್ನಲ್ ಮಂಕಾಗುತ್ತದೆ.

ಅಂತೂ ಒಂದು ಶನಿವಾರ ಲ್ಯಾಮಿಂಗ್ಟನ್ ರೋಡಿಗೆ ಹೋದೆ. ಮುಂಬಯಿಯಲ್ಲಿ ಎಲೆಕ್ಟ್ರಾನಿಕ್ಸ್ ಅಂದರೆ ಅದೇ ತಾನೆ. ಕಾರಿಗೆ ಜಿಪಿಎಸ್ ಬೇಕು ಅಂದ ತಕ್ಷಣ ಪ್ರತಿ ಅಂಗಡಿಯಲ್ಲೂ ಬೆಂಕಿಪೊಟ್ಟಣದಷ್ಟು ಒಂದು ಕಪ್ಪು ಡಬ್ಬಿ ತೆಗೆದು ಕೊಟ್ಟರು. ಪರದೆ ಎಲ್ಲಿ? ಪರದೆ ಇಲ್ಲ. ಅದು ಟ್ರ್ಯಾಕರ್. ಒಳಗೆ ಸಿಮ್ ಹಾಕಿದರೆ ಗಾಡಿ ಎಲ್ಲಿದೆ ಅಂತ ಮಾಲೀಕನ ಫೋನಿಗೆ ಹೇಳುತ್ತದೆ, ಡ್ರೈವರ್‌ಗೆ ಏನೂ ಹೇಳುವುದಿಲ್ಲ. ಈಗ ನಮ್ಮಲ್ಲಿ ಜಿಪಿಎಸ್ ಅಂದರೆ ಜನರಿಗೆ ಇದೇ. ಒಬ್ಬ ಅಂಗಡಿಯವನಂತೂ ದನಿ ತಗ್ಗಿಸಿ, ಮೇಡಂ, ಸಾಹೇಬರಿಗೆ ಗೊತ್ತಾಗದ ಹಾಗೆ ಸೀಟಿನ ಕೆಳಗೆ ಇಡಬಹುದು ಅಂದ. ಇವರಿಗೆ ಹೇಳಿದೆ, ನಗಲಿಲ್ಲ.

ಹಾಗಾಗಿ ಕೇಳುವಾಗ ಜಿಪಿಎಸ್ ಅನ್ನಬೇಡಿ, ನ್ಯಾವಿಗೇಟರ್ ಅನ್ನಿ. ಗಾರ್ಮಿನ್, ಟಾಮ್‌ಟಾಮ್, ನಮ್ಮ ದೇಶದ ಮ್ಯಾಪ್‌ಮೈಇಂಡಿಯಾ, ಇವರೆಲ್ಲ ಇಂಥ ಡಬ್ಬಿ ಮಾಡಿದವರು.

ದಾದರಿನ ಹತ್ತಿರ ಒಬ್ಬರು ಬಳಸಿದ ಡಬ್ಬಿ ಮಾರಲಿಕ್ಕಿದ್ದರು. ಇಂಡಿಯಾ ಮ್ಯಾಪ್ ಒಳಗೇ ಇದೆ, ಹೊಸದರ ಹಾಗೇ ಇದೆ ಅಂದರು. ಇಲ್ಲಿ ನಾನು ಒಂದು ಉಪಾಯ ಮಾಡಿದೆ, ನೀವೂ ಮಾಡಿ. ಸೆಟ್ಟಿಂಗ್ಸ್ ಒಳಗೆ ನಕ್ಷೆಯ ವರ್ಷ ಹುಡುಕುತ್ತಾ ಕೂರಬೇಡಿ. ನಿಮಗೆ ಚೆನ್ನಾಗಿ ಗೊತ್ತಿರುವ ಹೊಸ ರಸ್ತೆಗಳನ್ನು ಒಂದೊಂದಾಗಿ ಹುಡುಕಿ. ಮುಂಬಯಿಯ ಅಟಲ್ ಸೇತು, 2024 ಜನವರಿಯಲ್ಲಿ ತೆರೆದದ್ದು: ಇಲ್ಲ, ಬರೀ ಸಮುದ್ರ. ಹೋಗಲಿ ಬಿಡಿ, ಅದು ಈಚಿನದು. ಪಣಜಿಯಲ್ಲಿ ಮಾಂಡವಿ ನದಿಗೆ 2019ರಲ್ಲಿ ಆದ ಮೂರನೇ ಸೇತುವೆ: ಇಲ್ಲ. ಮುಂಬಯಿಯ ಈಸ್ಟರ್ನ್ ಫ್ರೀವೇ: ಅದೂ ಇಲ್ಲ. ಅದು ತೆರೆದದ್ದು 2013ರಲ್ಲಿ! ನಕ್ಷೆ ಅದಕ್ಕಿಂತ ಹಿಂದಿನದು ಅಂತಾಯಿತು. ನಮಸ್ಕಾರ ಹೇಳಿ ಮಾಟುಂಗಕ್ಕೆ ಹೋಗಿ ಇಡ್ಲಿ ತಿಂದು ಬಂದೆ. ನಕ್ಷೆ ಹಳೆಯದಾದರೆ ಉಳಿದದ್ದು ಎಷ್ಟೇ ಚೆಂದ ಇದ್ದರೂ ಪ್ರಯೋಜನವಿಲ್ಲ, ಆ ನಕ್ಷೆಯನ್ನು ಹೊಸದು ಮಾಡಲು ಆಗುತ್ತದಾ, ಎಷ್ಟು ದುಡ್ಡು ಅಂತ ಮೊದಲೇ ಕೇಳಿಕೊಳ್ಳಬೇಕು. ಸಾಧನದ ಬೆಲೆ ಆಮೇಲೆ.

ಕೊನೆಗೆ ಡಬ್ಬಿ ಬಂದದ್ದು ದೊಡ್ಡಮ್ಮನ ಮಗನಿಂದ. ಅಣ್ಣ ಅಮೆರಿಕದಲ್ಲಿ ಇದ್ದಾಗ ಬಳಸುತ್ತಿದ್ದದ್ದು, ಊರಿಗೆ ಬಂದ ಮೇಲೆ ಕಪಾಟಿನಲ್ಲಿ ಬಿದ್ದಿತ್ತು. "ತಗೋ ಮಾರಾಯ್ತಿ, ಚಾಲೂ ಆದ್ರೆ ನಿನ್ನ ಪುಣ್ಯ" ಅಂತ ಕೊಟ್ಟ. 5 ಇಂಚಿನ ಪರದೆ. ಬ್ಯಾಟರಿ ಸತ್ತೇ ಹೋಗಿತ್ತು, ಅಷ್ಟು ವರ್ಷ ಇಟ್ಟರೆ ಯಾವುದಾದರೂ ಸಾಯುತ್ತದೆ. ಆದರೆ ಕಾರಿನ ಸಿಗರೇಟ್ ಲೈಟರ್ ಸಾಕೆಟ್‌ಗೆ ಚುಚ್ಚಿದರೆ ಹತ್ತಿಕೊಂಡಿತು. ಸಂತೋಷದಿಂದ ನೋಡುತ್ತೇನೆ, ತಾರೀಖು ಸುಮಾರು 20 ವರ್ಷ ಹಿಂದಿನದು!

ಹಾಳಾಗಿದೆ ಅಂದುಕೊಂಡಿದ್ದೆ. ಹಾಳಾಗಿರಲಿಲ್ಲ. ಇದು ತಮಾಷೆಯ ವಿಷಯ. ಜಿಪಿಎಸ್ ಸಿಗ್ನಲ್‌ನಲ್ಲಿ ವಾರಗಳನ್ನು ಎಣಿಸುವ ಲೆಕ್ಕ 0ಯಿಂದ 1023ರವರೆಗೆ ಹೋಗಿ ಮತ್ತೆ ಸೊನ್ನೆಗೆ ಬರುತ್ತದೆ, ಹಳೇ ಸ್ಕೂಟರಿನ ಕಿಲೋಮೀಟರ್ ಮೀಟರ್ ತಿರುಗಿ ಸೊನ್ನೆಯಾಗುವ ಹಾಗೆ. 1024 ವಾರ ಅಂದರೆ 19 ವರ್ಷ ಏಳೂವರೆ ತಿಂಗಳು. 2019ರ ಏಪ್ರಿಲ್ 6ರಂದು ಅದು ಎರಡನೇ ಸಲ ಸೊನ್ನೆಯಾಯಿತು. ಹಳೇ ಸಾಫ್ಟ್‌ವೇರ್ ಇರುವ ಡಬ್ಬಿಗಳಿಗೆ ಇದು ತಿಳಿಯದೆ ಹಿಂದಿನ ಕಾಲಕ್ಕೆ ಹೋಗಿಬಿಡುತ್ತವೆ. ಮಗ ಅದನ್ನು ಲ್ಯಾಪ್‌ಟಾಪಿಗೆ ಜೋಡಿಸಿ ಸಾಫ್ಟ್‌ವೇರ್ ಹೊಸದು ಮಾಡಿದ, ತಾರೀಖು ಸರಿಹೋಯಿತು. ಬಳಸಿದ ಡಬ್ಬಿ ಕೊಳ್ಳುವವರು ಮೊದಲು ತಾರೀಖು ನೋಡಿ. ಅಪ್‌ಡೇಟ್ ಸಿಗುತ್ತದಾ ಅಂತಲೂ ನೋಡಿ.

ಆಮೇಲಿನ ಗಂಡಾಂತರ ಏನೆಂದರೆ ಅದು ಆಕಾಶ ಹುಡುಕುತ್ತಲೇ ಇತ್ತು. ಐದು ನಿಮಿಷ ಆಯಿತು, ಹತ್ತು ಆಯಿತು. ಫೋನಿಗೆ ಯಾವ ಉಪಗ್ರಹ ಎಲ್ಲಿದೆ ಅಂತ ಮೊಬೈಲ್ ನೆಟ್‌ವರ್ಕ್ ಮೊದಲೇ ಹೇಳಿಬಿಡುತ್ತದೆ, ಅದಕ್ಕೇ ಅದು ಕಣ್ಣು ಮಿಟುಕಿಸುವಷ್ಟರಲ್ಲಿ ಜಾಗ ಹಿಡಿಯುವುದು. ಈ ಡಬ್ಬಿ ಬೇರೆ ದೇಶದಿಂದ ಬಂದಿದೆ, ವರ್ಷಗಟ್ಟಲೆ ಮಲಗಿದೆ, ಅದಕ್ಕೆ ತಾನೆಲ್ಲಿದ್ದೇನೆ ಅಂತಲೇ ಗೊತ್ತಿಲ್ಲ. ಉಪಗ್ರಹಗಳ ಪೂರ್ತಿ ಪಟ್ಟಿ ಆಕಾಶದಿಂದ ಇಳಿಯಲು 12.5 ನಿಮಿಷ ಬೇಕು, ಯಾಕೆಂದರೆ ಆ ಮಾಹಿತಿ ಬರುವುದು ಸೆಕೆಂಡಿಗೆ 50 ಬಿಟ್ ವೇಗದಲ್ಲಿ. ಸೊಸೈಟಿಯ ಪಾರ್ಕಿಂಗ್‌ನಿಂದ ಹೊರಗೆ ತಂದು, ಎರಡು ಎತ್ತರದ ಟವರ್‌ಗಳ ನಡುವಿನಿಂದಲೂ ಪಾರಾಗಿ, ಉಪವನ ಕೆರೆಯ ಹತ್ತಿರ ತೆರೆದ ಜಾಗದಲ್ಲಿ ನಿಲ್ಲಿಸಿ ಕಾದೆ. ಸಿಕ್ಕಿತು. ಆಮೇಲೆ ಪ್ರತಿ ಸಲ ಒಂದು ನಿಮಿಷದೊಳಗೆ ಹಿಡಿಯುತ್ತಿದೆ.

ಸಿಕ್ಕಿತು ಅಂದರೆ ಪರದೆಯ ನಡುವೆ ಪುಟ್ಟ ಕಾರು ಬಂತು. ಸುತ್ತ ಮತ್ತದೇ ಖಾಲಿ. ಒಳಗಿದ್ದದ್ದು ಉತ್ತರ ಅಮೆರಿಕದ ನಕ್ಷೆ ಮಾತ್ರ! ಹೊರದೇಶದ ನೆಂಟರ ಕೈಯಲ್ಲಿ ತರಿಸುವವರು ಇದನ್ನು ನೆನಪಿಡಿ, ಭಾರತದ ನಕ್ಷೆ ಬೇರೆಯಾಗಿ ಹಾಕಬೇಕು. ಇಲ್ಲಿ ಮಗನ ಬುದ್ಧಿ ಕೆಲಸಕ್ಕೆ ಬಂತು. ಓಪನ್‌ಸ್ಟ್ರೀಟ್‌ಮ್ಯಾಪ್ ಅಂತ 2004ರಿಂದ ಜನರೇ ಸೇರಿ ಮಾಡುತ್ತಿರುವ ನಕ್ಷೆ ಇದೆಯಲ್ಲ, ಅದನ್ನು ನಮ್ಮದರಂಥ ಗಾರ್ಮಿನ್ ಡಬ್ಬಿಗಳಿಗೆ ಹೊಂದುವ ಹಾಗೆ ಮಾಡಿ ಉಚಿತವಾಗಿ ಹಂಚುವವರಿದ್ದಾರೆ. ಫೈಲ್ ಇಳಿಸಿ ಎಸ್‌ಡಿ ಕಾರ್ಡಿಗೆ ಹಾಕಿದರೆ ಆಯಿತು. ಹಳೇ ಡಬ್ಬಿಗಳಲ್ಲಿ ದೊಡ್ಡ ಕಾರ್ಡ್ ನಡೆಯದಿರಬಹುದು, ಒಂದೇ ಫೈಲ್ 4 ಜಿಬಿ ದಾಟಲೂಬಾರದು, ಹಾಗಾಗಿ ನಮಗೆ ಬೇಕಾದ ರಾಜ್ಯಗಳನ್ನಷ್ಟೇ ಹಾಕಿದೆವು. ಗೋವಾದ ಹೊಸ ಜುವಾರಿ ಸೇತುವೆ ಕಂಡಿತು, ಅಟಲ್ ಸೇತು ಕಂಡಿತು, ನಮ್ಮ ಮನೆಯ ಹಿಂದಿನ ಗಲ್ಲಿಯೂ ಕಂಡಿತು.

ಖರ್ಚಾದದ್ದು ಕಾರ್ಡಿಗೆ ಮತ್ತು ಒಂದು ಕೇಬಲ್‌ಗೆ. ಕೇಬಲ್ ಯಾಕೆಂದರೆ, ಮನೆಯಲ್ಲಿದ್ದ ಯಾವುದೋ ಯುಎಸ್‌ಬಿ ಕೇಬಲ್ ಚುಚ್ಚಿದರೆ ಡಬ್ಬಿ ತನ್ನನ್ನು ಕಂಪ್ಯೂಟರಿಗೆ ಜೋಡಿಸಿದ್ದಾರೆ ಅಂದುಕೊಂಡು ಕಂಪ್ಯೂಟರಿನ ಚಿತ್ರ ತೋರಿಸುತ್ತಾ ಕೂರುತ್ತದೆ. ಕಾರಿಗೆಂದೇ ಮಾಡಿದ ಪವರ್ ಕೇಬಲ್ ಬೇಕು. ಇದು ಗೊತ್ತಿಲ್ಲದೆ ಎಷ್ಟೋ ಜನ ಒಳ್ಳೆಯ ಡಬ್ಬಿಯನ್ನು ಗುಜರಿಯವನಿಗೆ ಹಾಕಿರಬಹುದು.

ಈಗ ನೀವು ಹೊಸದನ್ನೇ ಕೊಳ್ಳುವುದಾದರೆ ಪರದೆ 5 ಅಥವಾ 6 ಇಂಚು ಸಾಕು. 7 ಇಂಚಿನದು ಅಂಗಡಿಯಲ್ಲಿ ಚೆಂದ, ಚಿಕ್ಕ ಕಾರಿನ ಗಾಜಿನ ಮೇಲೆ ಕೂರಿಸಿದರೆ ಎಡಗಡೆಯಿಂದ ರಸ್ತೆ ದಾಟುವ ಮನುಷ್ಯನೇ ಕಾಣುವುದಿಲ್ಲ. ಅದಕ್ಕಿಂತ ಬೆಳಕು ಮುಖ್ಯ, ಅಂಗಡಿಯಿಂದ ಹೊರಗೆ ತಂದು ಬಿಸಿಲಿನಲ್ಲಿ ಹಿಡಿದು ನೋಡಿ. ಗಾಜಿಗೆ ಅಂಟುವ ರಬ್ಬರ್ ಬಟ್ಟಲು ನಮ್ಮ ಸೆಕೆಗೆ ಎರಡು ಸಲ ಬಿಟ್ಟುಕೊಂಡು ಬಿತ್ತು, ಒಂದು ಸಲ ಎಕ್ಸ್‌ಪ್ರೆಸ್‌ವೇಯಲ್ಲಿ, ಎದೆ ಬಾಯಿಗೆ ಬಂತು. ಈಗ ಗಾಜನ್ನು ಚೆನ್ನಾಗಿ ಒರೆಸಿ, ಬಟ್ಟಲಿಗೆ ಬಿಸಿನೀರು ತಾಗಿಸಿ, ಒರೆಸಿ ಅಂಟಿಸುತ್ತೇನೆ, ಗಟ್ಟಿ ನಿಲ್ಲುತ್ತದೆ. ಏರ್‌ಬ್ಯಾಗ್ ಮುಚ್ಚಳದ ಮೇಲೆ ಮಾತ್ರ ಇಡಬೇಡಿ. ಸಾಧ್ಯವಿದ್ದರೆ ಜಿಪಿಎಸ್ ಜೊತೆಗೆ ರಷ್ಯಾದ ಗ್ಲೋನಾಸ್, ಯುರೋಪಿನ ಗೆಲಿಲಿಯೋ ಉಪಗ್ರಹಗಳನ್ನೂ ಕೇಳಿಸಿಕೊಳ್ಳುವ ಸಾಧನ ಆರಿಸಿ, ಘಾಟಿಯಲ್ಲಿ ಒಂದು ಪಕ್ಕ ಗುಡ್ಡ ಆಕಾಶವನ್ನು ಮುಚ್ಚಿದಾಗ ಇದು ಉಪಯೋಗ. ನಮ್ಮ ಇಸ್ರೋದ ನಾವಿಕ್ ಕೂಡ ಇದೆ, ಮೊದಲ ಉಪಗ್ರಹ ಹಾರಿದ್ದು 2013ರಲ್ಲಿ, ಈಗ ಕೆಲವು ಫೋನುಗಳು ಅದನ್ನು ಹಿಡಿಯುತ್ತವೆ.

ಮುಂಬಯಿ ಒಳಗೆ ಈ ಡಬ್ಬಿ ತೆಗೆಯುವುದೇ ಇಲ್ಲ. ಅದಕ್ಕೆ ಟ್ರಾಫಿಕ್ ಗೊತ್ತಿಲ್ಲ. ಸಯಾನ್‌ನಲ್ಲಿ ಮುಕ್ಕಾಲು ಗಂಟೆ ನಿಂತಿದ್ದರೂ ಸಮಾಧಾನವಾಗಿ ನೇರ ಹೋಗಿ ಅನ್ನುತ್ತದೆ. ಜೆ.ಜೆ. ಫ್ಲೈಓವರ್ ಮೇಲಿದ್ದೇವಾ, ಕೆಳಗೆ ಮೊಹಮ್ಮದ್ ಅಲಿ ರಸ್ತೆಯಲ್ಲಿದ್ದೇವಾ ಅಂತಲೂ ಅದಕ್ಕೆ ತಿಳಿಯುವುದಿಲ್ಲ. ಕೋಸ್ಟಲ್ ರೋಡಿನ 2 ಕಿಲೋಮೀಟರ್ ಸುರಂಗದಲ್ಲಿ ಪೂರ್ತಿ ಮೌನ. ಊರೊಳಗೆ ಫೋನೇ ಸರಿ, ಇದರಲ್ಲಿ ಎರಡು ಮಾತಿಲ್ಲ. ಪನ್ವೇಲ್ ದಾಟಿದ ಮೇಲೆ ಡಬ್ಬಿಯ ಕೆಲಸ ಶುರು.

ವಿಳಾಸದ ವಿಷಯದಲ್ಲಿ ನಾನು ಬಹಳ ಕಷ್ಟಪಟ್ಟೆ. ಡಬ್ಬಿ ಕೇಳುವುದು ಊರು, ರಸ್ತೆ, ಮನೆ ನಂಬರ್. ನಮ್ಮ ಕಡೆಯ ವಿಳಾಸ ಅಂದರೆ ದೈವಸ್ಥಾನದ ಹತ್ತಿರ ಇಳಿದು ಹಲಸಿನ ಮರದಿಂದ ಎಡಕ್ಕೆ. ಹಾಗಾಗಿ ಫೋನಿನಿಂದ ಅಕ್ಷಾಂಶ ರೇಖಾಂಶ ನೋಡಿ ಅಂಕಿ ಹೊಡೆದು ಸೇವ್ ಮಾಡಬೇಕು. ಇಲ್ಲಿ ಎಚ್ಚರ! ಫೋನು ದಶಾಂಶದಲ್ಲಿ ಕೊಡುತ್ತದೆ, ಡಬ್ಬಿ ನಿಮಿಷದಲ್ಲಿ ಕೇಳುತ್ತಿರಬಹುದು. 13.58 ಡಿಗ್ರಿ ಅಂದರೆ 13 ಡಿಗ್ರಿ 58 ನಿಮಿಷ ಅಲ್ಲ, 34.8 ನಿಮಿಷ, ದಶಾಂಶದ ಭಾಗವನ್ನು 60ರಿಂದ ಗುಣಿಸಬೇಕು. ಅಕ್ಷಾಂಶದಲ್ಲಿ ಒಂದು ನಿಮಿಷ ತಪ್ಪಿದರೂ ಸುಮಾರು 1.85 ಕಿಲೋಮೀಟರ್ ಆಚೀಚೆ. ನಾನು ಮೊದಲ ಸಲ ಹೊಡೆದಾಗ ಕುಂಭಾಶಿಯ ಸೋದರಮಾವನ ಮನೆ ಅರಬ್ಬೀ ಸಮುದ್ರದ ನಡುವೆ ಹೋಗಿ ಕೂತಿತ್ತು. ಡಬ್ಬಿಯ ಸೆಟ್ಟಿಂಗ್ಸ್‌ನಲ್ಲಿ ದಶಾಂಶಕ್ಕೆ ಬದಲಾಯಿಸುವ ಅವಕಾಶ ಇತ್ತು, ಗೊತ್ತಾಗಿದ್ದು ಆಮೇಲೆ.

ಡಿಸೆಂಬರಿನಲ್ಲಿ ಮತ್ತೆ ಹೊರಟೆವು. ಇವರು ದಾರಿಯ ಆಯ್ಕೆಯಲ್ಲಿ ಹತ್ತಿರದ ದಾರಿ ಅನ್ನುವುದನ್ನು ಒತ್ತಿಬಿಟ್ಟಿದ್ದರು. ಸಂಕೇಶ್ವರದ ಹತ್ತಿರ ಹೈವೇ ಬಿಡಿಸಿ ಕಬ್ಬಿನ ಗದ್ದೆ ಮಧ್ಯೆ ಕರೆದುಕೊಂಡು ಹೋಯಿತು, ಎದುರಿಗೆ ಎರಡು ಟ್ರಾಲಿ ಎಳೆಯುತ್ತಿರುವ ಟ್ರಾಕ್ಟರ್, ಹಿಂದೆ ಇನ್ನೊಂದು. ಡಬ್ಬಿಯ ತಪ್ಪಲ್ಲ, ಹತ್ತಿರದ ದಾರಿ ಕೇಳಿದೆವು, ಕೊಟ್ಟಿತು. ಬೇಗ ಮುಟ್ಟುವ ದಾರಿ ಅಂತ ಬದಲಾಯಿಸಿ, ಮಣ್ಣಿನ ರಸ್ತೆ ಬೇಡ ಅನ್ನುವುದಕ್ಕೂ ಟಿಕ್ ಹಾಕಿದೆವು.

ಜಾಂಬೋಟಿ ಬಂದಾಗ ಎಲ್ಲರೂ ಸುಮ್ಮನಿದ್ದೆವು. ಫೋನಿನಲ್ಲಿ ನೆಟ್‌ವರ್ಕ್ ಕಡ್ಡಿ ಒಂದೂ ಇಲ್ಲ. ಕವಲಿಗೆ ಮೊದಲೇ ಡಬ್ಬಿ ಬಲಕ್ಕೆ ಇರಿ ಅಂತ ಇಂಗ್ಲಿಷಿನಲ್ಲಿ ಹೇಳಿತು. ನಾನು ಬೇಕಂತಲೇ ಕೇಳಿದೆ, ಎಂತಮ್ಮಾ, ಯಾವ ಕಡೆ? "ಬಲಕ್ಕೆ. ಅದು ಈಗ ಹೇಳ್ತು, ನಾನು ಮೇ ತಿಂಗಳಲ್ಲೇ ಹೇಳಿದ್ದೆ."

ಈಗ ಅದರಲ್ಲಿ 31 ಜಾಗ ಸೇವ್ ಆಗಿದೆ. 19 ಅಮ್ಮನ ಕಡೆಯ ನೆಂಟರ ಮನೆ, 7 ದೇವಸ್ಥಾನ. ಹೋದ ವಾರ ಆನೆಗುಡ್ಡೆ ಸೇರಿತು. ಚಿಕ್ಕಮ್ಮನ ಮನೆ ಇನ್ನೂ ಹಾಕಿಲ್ಲ.